ಎರಡು ಸಂಖ್ಯೆ, ಎರಡು ಬಗೆಯ ಎಣಿಕೆ

2020 ಮತ್ತು 2021ರಲ್ಲಿ ಜಗತ್ತಿನಾದ್ಯಂತ ಕೋವಿಡ್‌ಗೆ ಬಲಿಯಾದವರು ಸುಮಾರು 54 ಲಕ್ಷವೆಂದು ಒಂದೆಡೆ, 1.49 ಕೋಟಿಯೆಂದು ಇನ್ನೊಂದೆಡೆ ಓದಿ, ಯಾವುದನ್ನು ನಂಬಬೇಕೆಂದು ಕೇಳಿದ್ದೀರಿ. ಮೊದಲನೆಯದು ದೇಶಗಳು ಕೋವಿಡ್ ಸಾವೆಂದು ವರದಿ ಮಾಡಿದವುಗಳ ಮೊತ್ತ. ಎರಡನೆಯದು ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಪ್ರಕಟಿಸಿದ ಅಂದಾಜು. ಸಾಂಕ್ರಾಮಿಕವೇ ಬಾರದಿದ್ದರೆ ಹಿಂದಿನ ವರ್ಷಗಳ ಗತಿಯಂತೆ ಎಷ್ಟು ಜನ ಸಾಯುತ್ತಿದ್ದರೋ ಅದಕ್ಕಿಂತ ಎಷ್ಟು ಮಂದಿ ಹೆಚ್ಚಾಗಿ ಸತ್ತರು ಎಂಬುದನ್ನು ಅದು ಹೇಳುತ್ತದೆ.

ಪರೀಕ್ಷೆಗೆ ಒಳಗಾಗದೆ ಮನೆಯಲ್ಲೇ ಕೊನೆಯುಸಿರೆಳೆದವರು ಬಹುತೇಕ ಮೊದಲ ಲೆಕ್ಕಕ್ಕೆ ಸೇರುವುದಿಲ್ಲ. ಎದೆನೋವು ಕಾಣಿಸಿಕೊಂಡರೂ ಸೋಂಕಿನ ಭಯದಿಂದ ಆಸ್ಪತ್ರೆಗೆ ಹೋಗಲು ಎರಡು ದಿನ ಹಿಂಜರಿದು ತೀರಿಕೊಂಡವರ ಮರಣ ಪ್ರಮಾಣಪತ್ರದಲ್ಲಿ ಹೃದಯಾಘಾತವೆಂದೇ ಇರುತ್ತದೆ, ಅದು ತಪ್ಪೂ ಅಲ್ಲ. ಕ್ಷಯರೋಗವನ್ನೇ ನೋಡಿ: ಜಗತ್ತಿನಲ್ಲಿ 2019ರಲ್ಲಿ ಹೊಸದಾಗಿ ಪತ್ತೆಯಾದ ರೋಗಿಗಳು 71 ಲಕ್ಷವಿದ್ದರೆ 2020ರಲ್ಲಿ 58 ಲಕ್ಷಕ್ಕೆ ಇಳಿದರು. ರೋಗವೇನೂ ಅಷ್ಟು ಕಡಿಮೆಯಾಗಿರಲಿಲ್ಲ, ಕಫ ಪರೀಕ್ಷಿಸುವ ಪ್ರಯೋಗಾಲಯಗಳೂ ಸಿಬ್ಬಂದಿಯೂ ಕೋವಿಡ್ ಕೆಲಸಕ್ಕೆ ತಿರುಗಿದ್ದರು, ರೋಗಿಗಳು ಮನೆಯಿಂದ ಹೊರಬರುವಂತಿರಲಿಲ್ಲ. ಫಲವಾಗಿ ಕ್ಷಯದ ಸಾವುಗಳು ದಶಕಕ್ಕೂ ಹೆಚ್ಚು ಕಾಲದ ನಂತರ ಮೊದಲ ಬಾರಿಗೆ ಏರಿದವು. ಇಂಥ ಹೆಚ್ಚುವರಿ ಸಾವುಗಳೂ ಎರಡನೆಯ ಲೆಕ್ಕಕ್ಕೆ ಸೇರುತ್ತವೆ.

ಹಾಗೆಂದು ಎರಡನೆಯ ಸಂಖ್ಯೆಯನ್ನು ತಲೆ ಎಣಿಸಿ ಬರೆದದ್ದೆಂದು ತಿಳಿಯಬೇಡಿ. ಹಲವು ದೇಶಗಳಲ್ಲಿ ಮರಣ ನೋಂದಣಿಯೇ ಅರೆಬರೆಯಾದ್ದರಿಂದ ಅಲ್ಲಿನ ಲೆಕ್ಕ ಗಣಿತ ಮಾದರಿಯಿಂದ ಬಂದದ್ದು. ಸಂಸ್ಥೆಯೇ ಅದನ್ನು 1.33 ಕೋಟಿಯಿಂದ 1.66 ಕೋಟಿಯವರೆಗಿನ ವ್ಯಾಪ್ತಿಯಾಗಿ ಕೊಟ್ಟಿದೆ. ಸಾಂಕ್ರಾಮಿಕದ ಒಟ್ಟು ಹಾನಿಯನ್ನು ತಿಳಿಯುವುದು ನಿಮ್ಮ ಉದ್ದೇಶವಾದರೆ, ನನ್ನ ಮಟ್ಟಿಗೆ, ಈ ವ್ಯಾಪ್ತಿಯೇ ಹೆಚ್ಚು ಉಪಯುಕ್ತ.