ಜನವರಿಯಲ್ಲಿ ಮಂಡ್ಯದಿಂದ ಹೊನ್ನಾವರದ ಬೀಚ್‌ಗೆ ಹೋದರೆ ಕಡಲಾಮೆ ಮೊಟ್ಟೆ ಇಡುವುದನ್ನು ನೋಡಬಹುದಾ?

ನೋಡಬಹುದು, ಆದರೆ ಅದೃಷ್ಟ ಬೇಕು. ಹೊನ್ನಾವರದ ಕಾಸರಕೋಡು ಕಡೆ ಆಲಿವ್ ರಿಡ್ಲಿ ಆಮೆಗಳು ಚಳಿಗಾಲದಿಂದ ಮಾರ್ಚ್‌ವರೆಗೆ ಬರುತ್ತವೆ, ಅದೂ ಜಾಸ್ತಿ ರಾತ್ರಿ ಹೊತ್ತು. ಹಿಂಗಾಲಲ್ಲಿ ಮರಳು ಬಗೆದು, ಸುಮಾರು 100 ಮೊಟ್ಟೆ ಇಟ್ಟು, ಮುಚ್ಚಿ, ತಿರುಗಿಯೂ ನೋಡದೆ ಕಡಲಿಗೆ ಹೋಗಿಬಿಡುತ್ತವೆ. ಬೆಳಗಿನ ಜಾವ ಹೋದರೆ ಮರಳ ಮೇಲೆ ಗುರುತು ಕಾಣುತ್ತದೆ, ನಮ್ಮ ಗದ್ದೆ ದಾರಿಯಲ್ಲಿ ಪುಟ್ಟ ಟ್ರ್ಯಾಕ್ಟರ್ ಹೋದ ಹಾಗೆ! ಅದನ್ನು ತುಳಿದು ಅಳಿಸಬೇಡಿ.

ಮರಿ ಹೊರಬರಲು 45ರಿಂದ 60 ದಿನ ಬೇಕು. ಕಡಲ ಕಡೆಯ ಮಂದ ಬೆಳಕನ್ನು ನಂಬಿಕೊಂಡೇ ಅವು ನೀರಿಗಿಳಿಯುವುದು. ರೆಸಾರ್ಟ್ ದೀಪ, ಮೊಬೈಲ್ ಟಾರ್ಚ್ ಕಂಡರೆ ದಾರಿ ತಪ್ಪಿ ರಸ್ತೆ ಕಡೆ ಹರಿದು ಸಾಯುತ್ತವೆ, ಪಾಪ. ಮಕ್ಕಳಿಗೆ ಇದನ್ನು ಹೊರಡುವ ಮೊದಲೇ ಹೇಳಿಬಿಡಿ. ಗೂಡು ಕಂಡರೆ ಮುಟ್ಟದೆ ಅರಣ್ಯ ಇಲಾಖೆಯವರಿಗೆ ತಿಳಿಸಿ.