ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಿದ ಮೇಲೆ ಫ್ಲೈಟ್ ಸಿಮ್ಯುಲೇಟರ್ ಮೊದಲಿಗಿಂತ ನಿಧಾನ ಆಗಿದೆ, ಕಾರ್ಡ್ ವಾಪಸ್ ಕೊಡಲಾ?

ಕೊಡಬೇಡಿ. ನೀವು ಬರೆದದ್ದನ್ನು ಪೂರ್ತಿ ಓದಿದೆ. ಕರೆಂಟ್ ಏರುಪೇರಾಗಿ ಹಳೇ ಮದರ್‌ಬೋರ್ಡ್ ಹೋಯಿತು, ಗದಗದಿಂದ ಹುಬ್ಬಳ್ಳಿಗೆ ಬಂದು ಎ520 ಬೋರ್ಡ್ ಹಾಕಿಸಿದಿರಿ. ಪ್ರೊಸೆಸರ್ ಅದೇ ರೈಜನ್ 5 3600. ಜಿಟಿಎಕ್ಸ್ 1060 ಇದ್ದ ಜಾಗಕ್ಕೆ ಆರ್‌ಟಿಎಕ್ಸ್ 4060 ಬಂತು, ಮತ್ತೆ 8 ಜಿಬಿಯ ಎರಡು ಹಳೇ ರಾಮ್ ಅಂಗಡಿಗೇ ಕೊಟ್ಟು 16 ಜಿಬಿಯ ಒಂದೇ ಹೊಸ ರಾಮ್ ತಗೊಂಡಿರಿ. ಈಗ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 ಹಚ್ಚಿದರೆ ಟೇಕಾಫ್ ಆಗುವಾಗಲೇ ಜರ್ಕ್ ಹೊಡೆಯುತ್ತದೆ, ಊರ ಮೇಲೆ ತಿರುಗುವಾಗ ಚಿತ್ರ ನಿಂತು ನಿಂತು ಹೋಗುತ್ತದೆ. ಇಷ್ಟೇ ತಾನೇ?

ನನಗೆ ಕಾರ್ಡ್ ಮೇಲೆ ಅನುಮಾನವೇ ಇಲ್ಲ. ಅನುಮಾನ ಇರೋದು ಆ ಒಂದು ರಾಮ್ ಮೇಲೆ.

ಯಾಕೆ ಅಂತ ಹೇಳ್ತೀನಿ. ಬೇರೆ ಆಟಗಳಲ್ಲಿ ಭಾರವೆಲ್ಲ ಹೆಚ್ಚಾಗಿ ಕಾರ್ಡ್ ಮೇಲೆ ಬೀಳುತ್ತದೆ, ಆದರೆ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ವಿಮಾನದ ಲೆಕ್ಕ, ಕಾಕ್‌ಪಿಟ್‌ನ ಪರದೆಗಳು, ಕೆಳಗಿನ ನೆಲದಲ್ಲಿ ಯಾವ ಮನೆ ಯಾವ ಮರ ಕಾಣಬೇಕು ಅನ್ನೋದು, ಇದರಲ್ಲಿ ಬಹಳಷ್ಟು ಕೆಲಸ ಪ್ರೊಸೆಸರ್‌ನ ಒಂದೇ ಮುಖ್ಯ ಥ್ರೆಡ್ (ಒಂದಾದ ಮೇಲೊಂದು ಕೆಲಸ ಮಾಡುವ ಸಾಲು) ಮೇಲೆ ಬರುತ್ತದೆ. ರೊಟ್ಟಿ ಬಡಿಯುವವರು ಒಬ್ಬರೇ ಇದ್ದಾಗ ಹಂಚು ಎಷ್ಟು ದೊಡ್ಡದಿದ್ದರೇನು? ನಿಮ್ಮ ಹೊಸ ಕಾರ್ಡ್ ಆ ಹಂಚು. ಕಾದು ಕೂತಿದೆ, ರೊಟ್ಟಿ ಬರ್ತಾ ಇಲ್ಲ.

ನನ್ನ ಮಾತು ನಂಬಬೇಡಿ, ನೀವೇ ನೋಡಿ. ಸಿಮ್ಯುಲೇಟರ್‌ನ ಜನರಲ್ ಆಪ್ಷನ್ಸ್‌ನಲ್ಲಿ ಡೆವಲಪರ್ ಮೋಡ್ ಆನ್ ಮಾಡಿದರೆ ಮೇಲೊಂದು ಪಟ್ಟಿ ಬರುತ್ತದೆ. ಅದರಲ್ಲಿ ಡೀಬಗ್‌ಗೆ ಹೋಗಿ ಡಿಸ್‌ಪ್ಲೇ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಚಿತ್ರ, ಬರ್ತಿದೆ ಅನ್ನೋ ಲೆಕ್ಕ) ಒತ್ತಿ. ಮೂಲೆಯಲ್ಲಿ ಸಣ್ಣ ಪೆಟ್ಟಿಗೆ ತೆರೆಯುತ್ತದೆ. ‘ಲಿಮಿಟೆಡ್ ಬೈ ಮೇನ್‌ಥ್ರೆಡ್’ ಅಂತಿದ್ದರೆ ಪ್ರೊಸೆಸರ್ ಕಡೆ ತಡ ಆಗ್ತಿದೆ, ‘ಜಿಪಿಯು’ ಅಂತಿದ್ದರೆ ಕಾರ್ಡ್ ಕಡೆ. ಇದನ್ನು ನೋಡದೆ ಸುಮ್ನೆ ಸೆಟ್ಟಿಂಗ್ ಏರಿಸೋದು ಇಳಿಸೋದು ಮಾಡಿದರೆ ವಾರಗಟ್ಟಲೆ ಅಲ್ಲೇ ಸುತ್ತುತ್ತೀರಿ.

ಪರೀಕ್ಷೆಗೆ ಪ್ರತಿ ಸಲ ಒಂದೇ ಹಾರಾಟ ಇಟ್ಟುಕೊಳ್ಳಿ. ನಾನು ಹುಬ್ಬಳ್ಳಿ ವಿಮಾನ ನಿಲ್ದಾಣದ 26ರ ರನ್‌ವೇಯಿಂದ ಏರಿ, ಬಲಕ್ಕೆ ತಿರುಗಿ ಧಾರವಾಡದ ಕಡೆ ಹೋಗ್ತೀನಿ. ಮಧ್ಯಾಹ್ನದ ಹೊತ್ತು, ಮೋಡ ಇಲ್ಲ, ಲೈವ್ ಟ್ರಾಫಿಕ್ ಬಂದ್. ಆಮೇಲೆ ಅದೇ ವಿಮಾನ, ಅದೇ ಹವಾಮಾನ ಇಟ್ಟು ಮುಂಬೈನಲ್ಲಿ ಇಳಿಸಿ ನೋಡ್ತೀನಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಸರಿ ಹೋಯಿತು ಅಂತ ಗೊತ್ತೇ ಆಗಲ್ಲ.

ಈಗ ರಾಮ್ ವಿಷಯ. ಟಾಸ್ಕ್ ಮ್ಯಾನೇಜರ್ ತೆಗೆದು ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ ಒತ್ತಿ, ಕೆಳಗೆ ಸ್ಪೀಡ್ ಎಷ್ಟಿದೆ ನೋಡಿ. ಡಬ್ಬದ ಮೇಲೆ 3200 ಅಂತಿದ್ದರೂ ಅಲ್ಲಿ 2133 ಅಥವಾ 2400 ಇರುವ ಸಾಧ್ಯತೆ ಜಾಸ್ತಿ. ರಾಮ್ ಅನ್ನು ಡಬ್ಬದ ಮೇಲಿನ ವೇಗದಲ್ಲಿ ಓಡಿಸೋ ಸೆಟ್ಟಿಂಗ್‌ಗೆ ಎಕ್ಸ್‌ಎಂಪಿ ಅಂತಾರೆ, ಹೊಸ ಬೋರ್ಡ್‌ನಲ್ಲಿ ಅದು ಸಾಮಾನ್ಯವಾಗಿ ಆಫ್ ಇರುತ್ತದೆ, ನಾವೇ ಆನ್ ಮಾಡಬೇಕು. ಅಂಗಡಿಯವರು ವಿಂಡೋಸ್ ಬಂತು ಅಂದ ಕೂಡಲೇ ಕ್ಯಾಬಿನೆಟ್ ಮುಚ್ಚಿ ಕೊಡ್ತಾರೆ, ಇದನ್ನು ಯಾರೂ ನೋಡೋದಿಲ್ಲ. ಅದೇ ಪುಟದಲ್ಲಿ ಎರಡು ಸ್ಲಾಟ್‌ನಲ್ಲಿ ಒಂದೇ ತುಂಬಿದೆ ಅಂತಲೂ ಕಾಣುತ್ತದೆ. ಅಂದರೆ ಸಿಂಗಲ್ ಚಾನೆಲ್, ರಾಮ್‌ನಿಂದ ಪ್ರೊಸೆಸರ್‌ಗೆ ಒಂದೇ ದಾರಿ. ಲೆಕ್ಕ ಹಾಕಿ ನೋಡ್ರಿ: 3200ರ ಎರಡು ರಾಮ್ ಜೋಡಿಯಾಗಿ ಓಡಿದರೆ ಸೆಕೆಂಡಿಗೆ 51.2 ಜಿಬಿ ಸಾಗಿಸಬಲ್ಲವು, 2400ರಲ್ಲಿ ಓಡುವ ಒಂದೇ ರಾಮ್ ಬರೀ 19.2 ಜಿಬಿ. ಮೇಲಾಗಿ ರೈಜನ್ 3000 ಸಾಲಿನಲ್ಲಿ ಪ್ರೊಸೆಸರ್‌ನ ಒಳಗಿನ ಭಾಗಗಳನ್ನು ಜೋಡಿಸುವ ಇನ್ಫಿನಿಟಿ ಫ್ಯಾಬ್ರಿಕ್ ಕೂಡ ರಾಮ್ ವೇಗದ ಜೊತೆಗೇ ಓಡುತ್ತದೆ. ರಾಮ್ ಇಳಿದರೆ ಅದೂ ಇಳಿಯುತ್ತದೆ. ಹಾಗಾಗಿ ಪೆಟ್ಟು ಎರಡು ಕಡೆಯಿಂದ.

ಕಂಪ್ಯೂಟರ್ ಶುರುವಾಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ, ಅಂದರೆ ಬೋರ್ಡ್‌ನ ಸ್ವಂತ ಸೆಟ್ಟಿಂಗ್ ಪರದೆಗೆ, ಹೋಗಿ. ಅಲ್ಲಿ ಎಕ್ಸ್‌ಎಂಪಿ ಇರುತ್ತದೆ, ಆಸುಸ್ ಬೋರ್ಡ್ ಆದರೆ ಅದರ ಹೆಸರು ಡಿಓಸಿಪಿ, ಎಂಎಸ್‌ಐ ಆದರೆ ಎ-ಎಕ್ಸ್‌ಎಂಪಿ. ಆನ್ ಮಾಡಿ ಸೇವ್ ಮಾಡಿ. ಪರದೆ ಸ್ವಲ್ಪ ಹೊತ್ತು ಕಪ್ಪಗೆ ಇದ್ದು, ತಾನೇ ಆಫ್ ಆಗಿ ಮತ್ತೆ ಆನ್ ಆಗಬಹುದು, ಗಾಬರಿ ಬೇಡ. ಎಷ್ಟು ಹೊತ್ತಾದರೂ ಬರಲೇ ಇಲ್ಲ ಅಂದರೆ ಕರೆಂಟ್ ವೈರ್ ತೆಗೆದು, ಬೋರ್ಡ್ ಮೇಲಿನ ದುಂಡನೆಯ ಸೆಲ್ ಸ್ವಲ್ಪ ಹೊತ್ತು ಬಿಚ್ಚಿಟ್ಟು ಮತ್ತೆ ಹಾಕಿ, ಬಯೋಸ್ ಮೊದಲಿನ ಸ್ಥಿತಿಗೆ ಬರುತ್ತದೆ. ಇದು ಆದ ಮೇಲೆ ಅಂಗಡಿಗೆ ಹೋಗಿ ಅದೇ ಕಂಪನಿಯ, ಅದೇ ವೇಗದ ಇನ್ನೊಂದು 16 ಜಿಬಿ ತನ್ನಿ, ಇಲ್ಲವೇ ಈ ರಾಮ್ ಕೊಟ್ಟು 8 ಜಿಬಿಯ ಜೋಡಿ ಕೇಳಿ. ನನ್ನ ಕೇಳಿದರೆ 32 ಜಿಬಿಯೇ ಒಳ್ಳೇದು. ಈ ಸಿಮ್ಯುಲೇಟರ್ ಜೊತೆಗೆ ಬ್ರೌಸರ್‌ನಲ್ಲಿ ಚಾರ್ಟ್ ತೆರೆದಿಟ್ಟರೆ 16 ಜಿಬಿ ಬೇಗ ತುಂಬುತ್ತದೆ.

ಇನ್ನೊಂದನ್ನು ಬಿಡಬೇಡಿ: ಬಿಸಿ. ಬೋರ್ಡ್ ಬದಲಿಸಿದಾಗ ಪ್ರೊಸೆಸರ್ ಮೇಲಿನ ಫ್ಯಾನ್ ಕಿತ್ತು ಮತ್ತೆ ಕೂರಿಸಿರ್ತಾರೆ. ವಿದ್ಯಾನಗರದ ನನ್ನ ಗೆಳೆಯನ ಕಂಪ್ಯೂಟರ್ ಹೀಗೇ ಅಂಗಡಿಯಿಂದ ಬಂದಿತ್ತು. ಫ್ಯಾನ್ ಬಿಚ್ಚಿ ನೋಡಿದರೆ ಪ್ರೊಸೆಸರ್‌ನ ಬಿಸಿಯನ್ನು ಮೇಲಕ್ಕೆ ದಾಟಿಸೋ ಹಳೇ ಪೇಸ್ಟ್ ಒಣಗಿ ಬೂದಿ ಬಣ್ಣದ ಚಕ್ಕೆ ಆಗಿ ಅಂಚಿಗೆ ಅಂಟಿತ್ತು, ನಡುವೆ ಲೋಹ ಹೊಳೀತಾ ಇತ್ತು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಹೊಸ ಪೇಸ್ಟ್ ಹಾಕಿದ ಮೇಲೆ ಹಾರಾಟದ ನಡುವೆ ಫ್ರೇಮ್ ಬೀಳೋದು ನಿಂತಿತು. 3600ಕ್ಕೆ ಮಿತಿ 95 ಡಿಗ್ರಿ. ಬಿಸಿ, ವೇಗ ತೋರಿಸೋ ಎಚ್‌ಡಬ್ಲ್ಯೂಇನ್ಫೋ ಅನ್ನೋ ಸಾಫ್ಟ್‌ವೇರ್ ಹಚ್ಚಿಟ್ಟು ಅರ್ಧ ಗಂಟೆ ಹಾರಿ. ಬಿಸಿ ಆ ಹತ್ತಿರ ಹೋಗ್ತಾ ಇದ್ದು, ವೇಗ 3.6 ಗಿಗಾಹರ್ಟ್ಜ್‌ಗಿಂತ ಕೆಳಗೆ ಬೀಳ್ತಾ ಇದ್ದರೆ ಪೇಸ್ಟ್ ಬದಲಿಸಲೇಬೇಕು. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಮತ್ತು ಧೂಳಿಗೆ ಇದು ಇನ್ನೂ ಬೇಗ ಕಾಣಿಸಿಕೊಳ್ಳುತ್ತದೆ.

ಕಾರ್ಡ್ ಬಗ್ಗೆ ನಿಮಗಿರುವ ಹೆದರಿಕೆಗೆ ಬರ್ತೀನಿ. ಕಾರ್ಡ್‌ನ ವಿವರ ತೋರಿಸೋ ಜಿಪಿಯು-ಝಡ್‌ ಸಾಫ್ಟ್‌ವೇರ್‌ನಲ್ಲಿ ‘ಎಕ್ಸ್8’ ಅಂತ ತೋರಿಸುತ್ತದೆ, ಸ್ಲಾಟ್ ಕೆಟ್ಟಿದೆಯಾ ಅಂತ ಕೇಳಿದ್ದೀರಿ. ಇಲ್ಲ, 4060 ಇರೋದೇ ಹಾಗೆ, ಬೋರ್ಡ್ ಜೊತೆ ಡೇಟಾ ಸಾಗಿಸೋಕೆ ಎಂಟು ಲೇನ್‌ಗಳಿರೋ ಕಾರ್ಡ್ ಅದು. ಎ520 ಬೋರ್ಡ್‌ನಲ್ಲಿ ಆ ಲೇನ್‌ಗಳು ಹಳೇ, ನಿಧಾನದ ಪಿಸಿಐಇ 3.0 ವೇಗದಲ್ಲಿ ಮಾತ್ರ ಓಡುತ್ತವೆ, ಹಾಗಾಗಿ ಕಾರ್ಡ್‌ನ ಸ್ವಂತ 8 ಜಿಬಿ ಮೆಮೊರಿ ತುಂಬಿ ಹೊರಗೆ ಚೆಲ್ಲಿದಾಗ ಹೊಡೆತ ಜೋರಾಗಿರುತ್ತದೆ. ಹೊಸ ಕಾರ್ಡ್ ಬಂತು ಅಂತ ಎಲ್ಲವನ್ನೂ ಅಲ್ಟ್ರಾಗೆ ಏರಿಸಿದೆ ಅಂದಿರಲ್ಲ, ಟೆಕ್ಸ್ಚರ್ ಒಂದು ಮೆಟ್ಟಿಲು ಇಳಿಸಿ. ಟೆರೈನ್ ಲೆವೆಲ್ ಆಫ್ ಡೀಟೇಲ್ (ನೆಲ ಎಷ್ಟು ವಿವರವಾಗಿ ಕಾಣಬೇಕು ಅನ್ನೋದು) 200 ಇಟ್ಟಿದ್ದೀರಿ, ಅದನ್ನು 100ಕ್ಕೆ ತನ್ನಿ. ಅದರ ಭಾರ ಬಹುಪಾಲು ಪ್ರೊಸೆಸರ್ ಮೇಲೆ. ಮೋಡ ಮತ್ತು ರೆಂಡರ್ ಸ್ಕೇಲಿಂಗ್ ಹಾಗೇ ಇರಲಿ, ಅವನ್ನು ನಿಮ್ಮ ಕಾರ್ಡ್ ನೋಡಿಕೊಳ್ಳುತ್ತದೆ.

ಡ್ರೈವರ್ ಮತ್ತೆ ಹಾಕುವಾಗ ಕ್ಲೀನ್ ಇನ್‌ಸ್ಟಾಲ್ ಆರಿಸಿದರೆ ಸಾಕು. ಬೋರ್ಡ್ ಹೊಸದಾದ್ದರಿಂದ ಎಎಂಡಿ ಚಿಪ್‌ಸೆಟ್ ಡ್ರೈವರ್ ಕೂಡ ಹಾಕಿ. ಕೊನೆಗೆ ಬೇಕಿದ್ದರೆ ಡೈರೆಕ್ಟ್‌ಎಕ್ಸ್ 12ಕ್ಕೆ ಬದಲಾಯಿಸಿ ಫ್ರೇಮ್ ಜನರೇಷನ್ (ಕಾರ್ಡ್ ತಾನೇ ನಡುವೆ ಚಿತ್ರ ಸೇರಿಸೋದು) ಆನ್ ಮಾಡಬಹುದು, ಮೇನ್‌ಥ್ರೆಡ್ ತಡವಾದಾಗ ಅದು ನಿಜಕ್ಕೂ ಅನುಕೂಲ. ಆದರೆ ರಾಮ್ ಸರಿ ಮಾಡದೆ ಅದನ್ನು ಹಚ್ಚಬೇಡಿ, ಅಂಕಿ ಮೇಲೇರುತ್ತದೆ, ಜರ್ಕ್ ಹಾಗೇ ಉಳಿಯುತ್ತದೆ.

ಮೊದಲು ಎಕ್ಸ್‌ಎಂಪಿ ಆನ್ ಮಾಡಿ ಹುಬ್ಬಳ್ಳಿ-ಧಾರವಾಡ ಹಾರಾಟ ಹಾರಿ. ಆಗಲೂ ಜರ್ಕ್ ಇದ್ದರೆ ಆ ಎಫ್‌ಪಿಎಸ್ ಪೆಟ್ಟಿಗೆಯ ಫೋಟೋ, ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟ, ಅರ್ಧ ಗಂಟೆ ಹಾರಿದ ಮೇಲಿನ ಬಿಸಿಯ ಅಂಕಿ, ಈ ಮೂರನ್ನೂ ಇಲ್ಲೇ ಹಾಕಿ, ನೋಡಿ ಹೇಳ್ತೀನಿ.