ಆ ನಾಲ್ಕು ದಿನಗಳನ್ನು ಯಾಕೆ ಬಿಟ್ಟಿರಿ?

ಪ್ರಿಯ ಬರಹಗಾರರೇ,

ಭಾರತದ ಸಂವಿಧಾನ ಸಭೆಯ ಮೊದಲ ಅಧಿವೇಶನದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ತಿದ್ದಿ ಮತ್ತೆ ಕಳಿಸಿ ಎಂದು ಒತ್ತಾಯ ಮಾಡುತ್ತಿದ್ದೇನೆ.

1946ರ ಡಿಸೆಂಬರ್ 9ರಂದು ಸಭೆ ಸೇರಿತು ಎಂದು ಬರೆದವರು ಮುಂದಿನ ಸಾಲಿಗೇ 13ಕ್ಕೆ, ನೆಹರೂ ಸಂವಿಧಾನದ ಗುರಿಗಳನ್ನು ಹೇಳುವ ಧ್ಯೇಯಗಳ ನಿರ್ಣಯ ಮಂಡಿಸಿದ ದಿನಕ್ಕೆ ಹಾರಿದ್ದೀರಿ. ನಡುವೆ ನಡೆದದ್ದನ್ನು "ಕೆಲವು ಔಪಚಾರಿಕ ಕಲಾಪಗಳು" ಎಂದು ಮುಗಿಸಿಬಿಟ್ಟಿದ್ದೀರಿ. ನನ್ನ ತಕರಾರು ಇರುವುದೇ ಇಲ್ಲಿ.

ಆಗಿನ ಪರಿಸ್ಥಿತಿ ನೆನೆಸಿಕೊಳ್ಳಿ. ಬ್ರಿಟಿಷರು ಇನ್ನೂ ಇಲ್ಲೇ ಇದ್ದರು. ಬ್ರಿಟನ್ನಿನಿಂದ ಬಂದ ಮಂತ್ರಿಗಳ ನಿಯೋಗ, ಅಂದರೆ ಕ್ಯಾಬಿನೆಟ್ ಮಿಷನ್, ಹಾಕಿಕೊಟ್ಟ ಚೌಕಟ್ಟಿನಲ್ಲೇ ಈ ಸಭೆ ಹುಟ್ಟಿತ್ತು. ಮುಸ್ಲಿಂ ಲೀಗಿನವರು ಬರಲೇ ಇಲ್ಲ. ಮೊದಲ ದಿನ ಹಾಜರಿದ್ದವರು 207 ಮಂದಿ, ಅವರಲ್ಲಿ ಒಂಬತ್ತು ಮಹಿಳೆಯರು. ಇಂಥ ಸಭೆಗೆ ತನ್ನ ಮೇಲೆ ತನಗೆ ಅಧಿಕಾರ ಇದೆಯಾ ಎಂಬುದೇ ದೊಡ್ಡ ಪ್ರಶ್ನೆ, ಅಲ್ವಾ? ಅದಕ್ಕೆ ಉತ್ತರ ಸಿಕ್ಕಿದ್ದು ನೀವು ಬಿಟ್ಟ ಕಲಾಪಗಳಲ್ಲಿ. ತಾತ್ಕಾಲಿಕ ಅಧ್ಯಕ್ಷರಾಗಲು ಸಚ್ಚಿದಾನಂದ ಸಿನ್ಹಾ ಅವರನ್ನು ಕರೆದದ್ದು ವೈಸ್‌ರಾಯ್ ಅಲ್ಲ, ಸದಸ್ಯರೇ ಆಗಿದ್ದ ಕೃಪಲಾನಿ. 11ರಂದು ಸಭೆ ತಾನೇ ರಾಜೇಂದ್ರ ಪ್ರಸಾದರನ್ನು ಅಧ್ಯಕ್ಷರನ್ನಾಗಿ ಆರಿಸಿಕೊಂಡಿತು.

ಸಭೆ ನಡೆಸುವ ನಿಯಮಗಳನ್ನು ರೂಪಿಸುವ ನಿಯಮಾವಳಿ ಸಮಿತಿಯ ವಿಷಯ ಬಂದದ್ದು 10ರಂದು. ಆಗಲೇ ಚರ್ಚೆ ಕಾವೇರಿತು. ಮಿಷನ್ ಯೋಜನೆಯಂತೆ ಪ್ರಾಂತ್ಯಗಳ ಗುಂಪುಗಳು ಪ್ರತ್ಯೇಕವಾಗಿ ಕೂತಾಗ ಯಾರ ನಿಯಮ ನಡೆಯಬೇಕು? ಸುಮ್ನೆ ಕೇಳಿದ ಪ್ರಶ್ನೆ ಅಲ್ಲ ಇದು. ಬಂಗಾಳದ ಜೊತೆ ಒಂದೇ ಗುಂಪಿಗೆ ಬಿದ್ದಿದ್ದ ಅಸ್ಸಾಮಿಗೆ ತನ್ನ ದನಿಯೇ ಮುಳುಗಿಹೋಗುವ ಭಯ ಇತ್ತು. ನಿಯಮಗಳನ್ನು ಹಿಂದೂಸ್ತಾನಿಯಲ್ಲೇ ಬರೆಯಬೇಕು ಎಂದು ಸದಸ್ಯ ಧುಳೇಕರ್ ಪಟ್ಟು ಹಿಡಿದದ್ದೂ ಅದೇ ದಿನ. ದಕ್ಷಿಣದ ಹಲವರಿಗೆ ಅದು ಅರ್ಥವಾಗುತ್ತಿರಲಿಲ್ಲ. ಇಂದಿಗೂ ಮುಗಿಯದ ಭಾಷೆಯ ಜಗಳ ಎರಡನೇ ದಿನವೇ ಶುರುವಾಗಿತ್ತು. ಇದನ್ನು ಬಿಡಲು ನಿಮಗೆ ಮನಸ್ಸಾದರೂ ಹೇಗೆ ಬಂತು?

ಆ ತಿಂಗಳು ಮುಗಿಯುವುದರೊಳಗೆ ಒಪ್ಪಿಗೆಯಾದ ನಿಯಮಗಳಲ್ಲಿ ಒಂದನ್ನು ದಯವಿಟ್ಟು ಓದಿ. ಒಟ್ಟು ಸದಸ್ಯರಲ್ಲಿ ಮೂರನೇ ಎರಡರಷ್ಟು ಮಂದಿ ಒಪ್ಪಿದ ನಿರ್ಣಯ ಇಲ್ಲದೆ ಸಭೆಯನ್ನು ವಿಸರ್ಜಿಸುವಂತಿಲ್ಲ. ಎಂಟು ತಿಂಗಳ ಆಮೇಲೆ ಬಂದ ಸ್ವಾತಂತ್ರ್ಯದ ಧೈರ್ಯ ಈ ಒಂದು ಸಾಲಿನಲ್ಲಿದೆ. ನಿಮ್ಮ ಲೇಖನದ ನಡುಗಂಬ ಇದೇ ಆಗಬೇಕು.

ಇನ್ನು ತಪ್ಪುಗಳು. ಮೊದಲ ದಿನ ಅಂಬೇಡ್ಕರ್ ಅಧ್ಯಕ್ಷತೆ ವಹಿಸಿದ್ದರು ಎಂದಿದ್ದೀರಿ. ಇಲ್ಲ, ಅವರು ಸದಸ್ಯರಾಗಿದ್ದರು. ಅವರು ಮುಖ್ಯಸ್ಥರಾದ ಕರಡು ಸಮಿತಿ ರಚನೆಯಾದದ್ದು 1947ರ ಆಗಸ್ಟ್ 29ಕ್ಕೆ. ಮೈಸೂರಿನ ಪ್ರತಿನಿಧಿಗಳನ್ನೂ ಅಲ್ಲಿ ಕೂರಿಸಿದ್ದೀರಿ. ಮೈಸೂರಿನಂಥ ಸಂಸ್ಥಾನಗಳಿಗೆ ಮೀಸಲಾದ 93 ಸ್ಥಾನಗಳು ಆಗ ಖಾಲಿ ಇದ್ದವು. ಕನ್ನಡ ನಾಡಿನ ನಂಟು ಬೇಕಿದ್ದರೆ ಬೆನಗಲ್ ನರಸಿಂಗ ರಾವ್ ಇದ್ದಾರೆ. ಕರಾವಳಿಯ ಮನೆತನದ ಈ ಮನುಷ್ಯ ಸಭೆಯ ಸದಸ್ಯರಲ್ಲ, ಸಂವಿಧಾನ ಸಲಹೆಗಾರರು.

ನೆಹರೂ ಭಾಷಣದ ಉದ್ಧರಣೆಗಳು ಜಾಸ್ತಿ ಆಗಿವೆ. ಅರ್ಧ ತೆಗೆಯಿರಿ. ಸಭೆಯ ನಡಾವಳಿ ಪುಸ್ತಕ ರೂಪದಲ್ಲಿ ಸಿಗುತ್ತದೆ. ಮೊದಲ ನಾಲ್ಕು ದಿನಗಳ ಪುಟಗಳನ್ನು ನಿಧಾನವಾಗಿ ಓದಿ, ಆಮೇಲೆ ಹೊಸದಾಗಿ ಬರೆದು ನನಗೇ ಕಳಿಸಿ.